ಅರ್ದಿಯಾದ ತಾರಸಿಯಲ್ಲಿ ನಮ್ಮ ಪಾಲು

ಯುರೋಪಿನಿಂದ ಬಂದ ಮರದ ಕ್ರೇಟನ್ನು ಕುವೈತಿನ ಅರ್ದಿಯಾದ ನಮ್ಮ ಗೋದಾಮಿನಲ್ಲಿ ಒಡೆದಾಗ ಒಳಗಿದ್ದದ್ದು ನಾಲ್ಕೇ ನಾಲ್ಕು ಬೂದು ಬಣ್ಣದ ಪೆಟ್ಟಿಗೆ. ಒಂದೊಂದೂ ಹೆಚ್ಚೆಂದರೆ ಹೊಲಿಗೆ ಮಿಷನ್ನಿನ ಗಾತ್ರ. ತುಂಬಿಸಿದ ಸ್ಪಂಜು, ಪ್ಲಾಸ್ಟಿಕ್ಕು, ಎಚ್ಚರಿಕೆಯ ಚೀಟಿಗಳೇ ಅವುಗಳ ಹತ್ತರಷ್ಟು ಇದ್ದವು.

"ಇಷ್ಟೇಯಾ ಮೇಡಂ? ಇದಕ್ಕೆ ಅಷ್ಟೂ ದೇಶದವರು ಸೇರಿದ್ದಾ?" ಎಂದರು ಕಾಕ.

ಕಾಕ ನಮ್ಮ ಗೋದಾಮು ನೋಡಿಕೊಳ್ಳುವವರು. ಬಂಟ್ವಾಳದ ಕಡೆಯ ಬ್ಯಾರಿ. ಊರಿನ ನಾವು ನಾಲ್ಕು ಜನ ಹಾಗೆ ಕರೆದು ಕರೆದು ಕಂಪೆನಿಯಿಡೀ ಅವರು ಕಾಕನೇ ಆಗಿಬಿಟ್ಟಿದ್ದರು. ಈಜಿಪ್ಟಿನವರಾದ ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಅದನ್ನೇ ಅವರ ಪಾಸ್‌ಪೋರ್ಟಿನ ಹೆಸರೆಂದು ತಿಳಿದಿದ್ದರು. ನನ್ನದು ತುಳು, ಅವರದು ಬ್ಯಾರಿ ಭಾಷೆ. ನಮ್ಮಿಬ್ಬರ ಮಾತು ತುಳು, ಕನ್ನಡ ಎರಡನ್ನೂ ಕಲಸಿಕೊಂಡು ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಪೆಟ್ಟಿಗೆಯ ಕೆಲಸ ಹೇಳುವುದು ಸುಲಭ. ಸೋಲಾರ್ ಫಲಕದಿಂದ ಬರುವ ವಿದ್ಯುತ್ತನ್ನು ಮನೆಯಲ್ಲಿ ಬಳಸುವ ವಿದ್ಯುತ್ತಾಗಿ ಬದಲಿಸುವುದು. ಅಂಥ ಯಂತ್ರಗಳು ಮೊದಲೂ ಇದ್ದವು, ಆದರೆ ಬಿಸಿಯಾಗದಿರಲು ಅವಕ್ಕೆ ಫ್ಯಾನು ಬೇಕು. ಮರಳುನಾಡಿನಲ್ಲಿ ಫ್ಯಾನು ಧೂಳನ್ನೇ ಕುಡಿದು ಸಾಯುತ್ತದೆ. ಇದು ಫ್ಯಾನಿಲ್ಲದ್ದು. ಒಳಗೆ ಹೊಸ ಬಗೆಯ ಎಲೆಕ್ಟ್ರಾನಿಕ್ ಚಿಪ್ಪು, ಅದರ ಸುತ್ತ ಶಾಖಕ್ಕೆ ಜಗ್ಗದ ಪಾರದರ್ಶಕ ಜೆಲ್ಲು, ಹೊರಗೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳು, ಮೂಲೆಯಲ್ಲಿ ಪೆಟ್ಟಿಗೆ ಉಸಿರಾಡಲೆಂದು ಗುಂಡಿಯಷ್ಟಗಲದ ಒಂದು ಪೊರೆ. ಬೇಸಿಗೆಯಿಡೀ ಬಿಸಿಲಲ್ಲಿ, ಧೂಳಲ್ಲಿ ಇದು ಬದುಕುತ್ತದೋ ಇಲ್ಲವೋ ನೋಡಬೇಕು. ಅದಕ್ಕೆ ಕುವೈತಿಗಿಂತ ಒಳ್ಳೆಯ ನರಕ ಎಲ್ಲಿ ಸಿಗುತ್ತದೆ?

ಹಣದ ಏರ್ಪಾಡು ಮಾತ್ರ ನನ್ನ ಮಂಡೆಗೆ ಹೋಗಲು ತಿಂಗಳುಗಳೇ ಹಿಡಿದವು. ಯುರೋಪಿನಲ್ಲಿ ಎಲೆಕ್ಟ್ರಾನಿಕ್ಸ್ ಸಂಶೋಧನೆಗೆ ಸರಕಾರ ಸುಮ್ಮನೆ ದುಡ್ಡು ಸುರಿಯುವುದಿಲ್ಲ. ಅರ್ಧ ಸಾರ್ವಜನಿಕ ಹಣ: ಐರೋಪ್ಯ ಒಕ್ಕೂಟದ್ದು ಸ್ವಲ್ಪ, ಆಯಾ ದೇಶದ ಸರಕಾರದ್ದು ಸ್ವಲ್ಪ. ಉಳಿದರ್ಧ ಕಂಪೆನಿಗಳು ತಮ್ಮ ಜೇಬಿನಿಂದಲೇ ಹಾಕಬೇಕು. ಸಾವಿರಾರು ಜನರ ದೊಡ್ಡ ಕಾರ್ಖಾನೆಯೂ ಹಾಕಬೇಕು, ಒಂದು ಊಟದ ಮೇಜಿನ ಸುತ್ತ ಕೂರಬಹುದಾದಷ್ಟೇ ಜನರಿರುವ ಸಣ್ಣ ಕಂಪೆನಿಯೂ ಹಾಕಬೇಕು. ನಾವು ಯುರೋಪಿನವರಲ್ಲ, ಹಾಗಾಗಿ ನಮಗೆ ಸಾರ್ವಜನಿಕ ಹಣ ಒಂದು ಕಾಸೂ ಇಲ್ಲ. ಆದರೂ ನಮ್ಮ ಕುವೈತಿ ಯಜಮಾನರು ಸೇರಿಕೊಂಡರು. ಯಂತ್ರ ಗೆದ್ದರೆ ಕೊಲ್ಲಿ ದೇಶಗಳಲ್ಲಿ ಅದನ್ನು ಮಾರುವ ಹಕ್ಕು ಸಿಗಬಹುದೆಂಬ ಆಸೆ. ನಮ್ಮ ಪಾಲನ್ನು ನಗದಾಗಿ ಕೊಡಬೇಕಿರಲಿಲ್ಲ. ತಾರಸಿ, ಕರೆಂಟು, ಮತ್ತು ಒಬ್ಬ ಮನುಷ್ಯನ ದುಡಿಮೆ ಎಂದು ಒಪ್ಪಂದದಲ್ಲಿ ಬರೆಯಲಾಗಿತ್ತು. ಆ ಮನುಷ್ಯ ಕಾಕ.

ಇದನ್ನು ನಾನೇ ಅವರಿಗೆ ವಿವರಿಸಿದೆ. ಯೋಜನೆಯ ಎಂಜಿನಿಯರ್ ನಾನು, ಹೇಳಬೇಕಾದದ್ದು ನನ್ನ ಕೆಲಸ.

"ಅಂದ್ರೆ ಎಲ್ಲರೂ ಹಣ ಕೊಟ್ರು, ನಮ್ಮ ಕಂಪೆನಿ ಹಣದ ಬದ್ಲು ನನ್ನನ್ನು ಕೊಟ್ಟದ್ದಾ?" ಎಂದು ಕಾಕ ಜೋರಾಗಿ ನಕ್ಕರು.

"ಹಾಗೇ ಅಂತ ಇಟ್ಕೊಳ್ಳಿ. ನಿಮ್ಮ ಕೆಲಸವೇ ನಮ್ಮ ಪಾಲು."

ನಗು ನಿಂತಿತು. ಗಡ್ಡ ನೀವಿಕೊಂಡು, "ಹಾಗಾದ್ರೆ ಸರಿಯಾಗಿ ಮಾಡ್ಬೇಕು" ಎಂದರು.

ಆ ಮಾತನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಬೇರೆ ಚಿಂತೆ ಎಂದು ನನಗೆ ಗೊತ್ತಿತ್ತು. ಕಾಕನಿಗೆ ವಯಸ್ಸಾಗುತ್ತಿತ್ತು. ಪ್ರತಿ ಸಲ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವಾಗಲೂ ಮುದೀರ್ ಮೂತಿ ಸಣ್ಣ ಮಾಡಿಕೊಂಡು ಯೋಚಿಸುತ್ತಿದ್ದರು. ಗೋದಾಮಿನ ಹಿಂದಿನ ಕಾರ್ಮಿಕರ ಕ್ಯಾಂಪಿನಲ್ಲಿ ಕಾಕ ಎಷ್ಟೋ ಜನರನ್ನು ನೋಡಿದ್ದರು. ಬೆಳಿಗ್ಗೆ ಕರೆದು ಖಲಾಸ್ ಎಂದರೆ ಮುಗಿಯಿತು, ಅದೇ ವಾರ ವಿಮಾನ. ಗೆಳೆಯರಿಗೆ ಹೇಳಿಹೋಗಲೂ ಆಗುತ್ತಿರಲಿಲ್ಲ.

"ಊರಿಗೆ ಹೋಗ್ಲಿಕ್ಕೆ ನಂಗೆ ಬೇಜಾರಿಲ್ಲ ಮೇಡಂ" ಎಂದು ಒಮ್ಮೆ ಹೇಳಿದ್ದರು. "ಆದ್ರೆ ನಾನೇ ಹೋಗ್ತೇನೆ ಅಂತ ಹೇಳಿ ಹೋಗ್ಬೇಕು. ಕಳ್ಸಿದ್ರು ಅಂತ ಆಗ್ಬಾರ್ದು. ಇಲ್ಲಿಗೆ ಬಂದದ್ದು ನನ್ನ ಕಾಲಲ್ಲಿ, ಹೋಗುದೂ ನನ್ನ ಕಾಲಲ್ಲೇ ಆಗ್ಬೇಕು."

ಈ ಯೋಜನೆ ಬಂದದ್ದರಿಂದ ಇಕಾಮಾ ಒಂದು ವರ್ಷ ಮುಂದೆ ಹೋಯಿತು. ಅವರ ಮುಖದ ಗೆರೆಗಳೇ ಸಡಿಲವಾದವು.

ಪೆಟ್ಟಿಗೆಗಳನ್ನು ಗೋದಾಮಿನ ತಾರಸಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದೆವು. ಒಂದೊಂದರ ರೆಕ್ಕೆಗೂ ಶಾಖ ಅಳೆಯುವ ತಂತಿ ಅಂಟಿಸಿ, ತಂತಿಗಳನ್ನೆಲ್ಲ ಕೆಳಗಿನ ಕೋಣೆಯ ದಾಖಲೆ ಯಂತ್ರಕ್ಕೆ ಎಳೆದೆವು. ಅದರಿಂದ ವಾರಕ್ಕೊಮ್ಮೆ ಅಂಕಿಗಳನ್ನು ತೆಗೆದು ಯುರೋಪಿಗೆ ಕಳಿಸುವುದು ನನ್ನ ಕೆಲಸ. ಪೆಟ್ಟಿಗೆ ತೆರೆಯಬಾರದು, ವೈರು ಮುಟ್ಟಬಾರದು, ನೆರಳು ಬೀಳುವ ಸಾಮಾನು ಹತ್ತಿರ ಇಡಬಾರದು, ಪಕ್ಕದಲ್ಲಿ ಹಾಕಿದ ಸೋಲಾರ್ ಫಲಕಗಳ ಗಾಜನ್ನು ಮಾತ್ರ ದಿನಾ ಒರೆಸಬೇಕು. ಅಲ್ಲಿಂದ ಬಂದ ನಿಯಮಗಳಷ್ಟನ್ನೂ ಕಾಕನಿಗೆ ಒಂದೊಂದಾಗಿ ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು.

ಯೋಜನೆಯ ಸಭೆ ಶುಕ್ರವಾರ. ಯುರೋಪಿನವರಿಗೆ ಅದು ಕೆಲಸದ ದಿನ, ನಮಗೆ ರಜೆ. ಅಬು ಹಲೀಫಾದ ನಮ್ಮ ಮನೆಯ ಅಡಿಗೆಕೋಣೆಯ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ಕುಕ್ಕರ್ ಕೂಗುವಾಗ ಮೈಕು ಬಂದ್ ಮಾಡಿ, ನಾನು ಸಂಶೋಧನೆ ನಡೆಸಿದವಳು. ಆ ಕಡೆ ಸಂಯೋಜಕ, ಒಬ್ಬ ಜರ್ಮನ್. ಬಹಳ ಅಚ್ಚುಕಟ್ಟಿನ ಮನುಷ್ಯ, ಹೊತ್ತಿಗೆ ಸರಿಯಾಗಿ ಶುರುಮಾಡಿ ಹೊತ್ತಿಗೆ ಸರಿಯಾಗಿ ಮುಗಿಸುವವ. ಇನ್ನೊಬ್ಬಳು ಪೋರ್ಚುಗಲ್‌ನ ಎಂಜಿನಿಯರ್, ಆ ಜೆಲ್ಲು ಕಂಡುಹಿಡಿದವಳು. ಊಟದ ಮೇಜಿನಷ್ಟೇ ಜನರ ಕಂಪೆನಿ ಎಂದೆನಲ್ಲ, ಅದು ಅವಳದು. ತಮ್ಮ ಪಾಲಿನ ಅರ್ಧ ಹೊಂದಿಸಲು ಅವರು ಬ್ಯಾಂಕಿನ ಬಾಗಿಲು ಕಾದವರು.

ಜೂನ್ ಬಂತು. ಜುಲೈ ಬಂತು. ತಾರಸಿಯ ಮೇಲೆ ಚಪ್ಪಲಿ ಅಂಟುವಷ್ಟು ಕಾವು. ಆದರೆ ನಮ್ಮ ಪೆಟ್ಟಿಗೆಗಳ ಅಂಕಿಗಳೋ, ಚಿನ್ನ! ಲ್ಯಾಬಿನ ಲೆಕ್ಕ ಹೇಳಿದ್ದಕ್ಕಿಂತಲೂ ತಂಪು. ಬೆಳಿಗ್ಗೆಯಂತೂ ಗ್ರಾಫಿನ ಗೆರೆ ಒಮ್ಮೆ ಚೂರು ಇಳಿದು ಮತ್ತೆ ಏರುತ್ತಿತ್ತು, ದಿನಾ ಹಾಗೇ. ಸಂಯೋಜಕ ಅದಕ್ಕೊಂದು ವಿವರಣೆಯನ್ನೂ ಕಂಡುಕೊಂಡ: ಸಮುದ್ರದ ಗಾಳಿ ಇರಬಹುದು. ಒಳನಾಡಿನ ಅರ್ದಿಯಾಕ್ಕೆ ಎಂಥ ಸಮುದ್ರದ ಗಾಳಿ ಮಾರಾಯ್ರೆ ಎಂದು ನನಗೆ ಅನಿಸಿತು. ಆದರೆ ಒಳ್ಳೆಯ ಅಂಕಿಯ ಜೊತೆ ಜಗಳಕ್ಕೆ ಹೋಗುವವರು ಯಾರು? ಪೋರ್ಚುಗಲ್‌ನವಳು ಆ ಗ್ರಾಫನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿಕೊಂಡಿದ್ದೇನೆ ಎಂದು ಹೇಳಿದಳು.

ಮಧ್ಯಂತರ ಪರಿಶೀಲನೆ ಶರತ್ಕಾಲಕ್ಕೆ ನಿಗದಿಯಾಯಿತು. ಅದರಲ್ಲಿ ಪಾಸಾದರೆ ಸಾರ್ವಜನಿಕ ಹಣದ ಮುಂದಿನ ಕಂತು. ಪಾಸಾದರೇ ಯೋಜನೆಯಲ್ಲಿದ್ದ ದೊಡ್ಡ ಕಾರ್ಖಾನೆ ತಯಾರಿಕೆಗೆ ಕೈ ಹಾಕುವುದು. ಎಲ್ಲರ ಕಣ್ಣು ನಮ್ಮ ತಾರಸಿಯ ಮೇಲೆ.

ಪರಿಶೀಲನೆಗೆ ಒಂದು ಒಳ್ಳೆಯ ಫೋಟೊ ಬೇಕಿತ್ತು, ಧೂಳಿನ ಬಿರುಗಾಳಿಯಲ್ಲಿ ನಿಂತ ಪೆಟ್ಟಿಗೆಯದ್ದು. ಇಲ್ಲಿಯವರು ಆ ಬಿರುಗಾಳಿಗೆ ತೋಜ್ ಎನ್ನುತ್ತಾರೆ. ಒಂದು ಬೆಳಿಗ್ಗೆ ಆಕಾಶ ಕಿತ್ತಳೆಯಾಗಿ, ಎದುರು ಸಾಲಿನ ಗೋದಾಮುಗಳೇ ಕಾಣದಾದಾಗ, ಸರಿ, ಇದೇ ಸಮಯ ಎಂದು ಮುಖಕ್ಕೆ ಬಟ್ಟೆ ಕಟ್ಟಿ ಕ್ಯಾಮೆರಾ ಹಿಡಿದು ತಾರಸಿ ಹತ್ತಿದೆ.

ಪೆಟ್ಟಿಗೆಗಳೇ ಇರಲಿಲ್ಲ!

ಅವುಗಳ ಜಾಗದಲ್ಲಿ ನಾಲ್ಕು ಗಂಟುಗಳು. ಚೌಕುಳಿ ಲುಂಗಿಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಪೆಟ್ಟಿಗೆಗಳಿಗೆ ಸುತ್ತಿ, ಹಗ್ಗ ಬಿಗಿದು ಕಟ್ಟಲಾಗಿತ್ತು. ನಡುವೆ ಕಾಕ ಕುಕ್ಕರುಗಾಲಲ್ಲಿ ಕೂತು, ಗಾಳಿಗೆ ಹಾರುತ್ತಿದ್ದ ಒಂದು ಲುಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ರೆಪ್ಪೆ, ಗಡ್ಡ ಎಲ್ಲ ಕೆಂಪು.

"ಕಾಕಾ! ಎಂತ ಮಾಡ್ತಾ ಇದ್ದೀರಿ ನೀವು?"

"ಬಂದ್ರಾ? ಆ ತುದಿ ಸ್ವಲ್ಪ ಹಿಡೀರಿ ಮೇಡಂ. ಇವತ್ತಿನದು ಜೋರುಂಟು."

 ಅವರ ಕೈ ಹಿಡಿದು ಮೆಟ್ಟಿಲ ಕೋಣೆಗೆ ಎಳೆದುಕೊಂಡು ಬಂದೆ. ಕೇಳುತ್ತಾ ಹೋದ ಹಾಗೆ ಒಂದೊಂದೇ ಹೊರಗೆ ಬಂತು. ತೋಜ್ ಬಂದಾಗಲೆಲ್ಲ ಒದ್ದೆ ಲುಂಗಿ. ಅದು ಬಿಟ್ಟು ದಿನಾ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಒಂದು ಪೇಂಟಿಂಗ್ ಬ್ರಷ್ಷಿನಿಂದ ರೆಕ್ಕೆಗಳ ಸಂದುಸಂದಿನ ಧೂಳು ತೆಗೆದು, ಒದ್ದೆ ಬಟ್ಟೆಯಿಂದ ಒಮ್ಮೆ, ಒಣಬಟ್ಟೆಯಿಂದ ಒಮ್ಮೆ ಒರೆಸುವುದು. ನಮ್ಮ ಸಮುದ್ರದ ಗಾಳಿ ಅದು. ಬ್ರಷ್ಷು ಅವರ ಅಂಗಿ ಜೇಬಿನಲ್ಲೇ ಇತ್ತು.

ನನ್ನ ಬಾಯಿ ಮೊದಲೇ ಜೋರು. ಆವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. "ಹಾಳು ಮಾಡಿದ್ರಿ! ಇಡೀ ಬೇಸಿಗೆಯನ್ನು ಬ್ರಷ್ಷಲ್ಲಿ ಗುಡಿಸಿ ಹಾಕಿದ್ರಿ! ಆ ಧೂಳಿಗೋಸ್ಕರವೇ ಅಲ್ವಾ ಅವ್ರು ಅಷ್ಟು ದೂರದಿಂದ ಕಳ್ಸಿದ್ದು?"

ಕಾಕ ಗಾಬರಿಯಿಂದ ನನ್ನನ್ನೇ ನೋಡಿದರು.

"ಪೆಟ್ಟಿಗೆ ತೆರೀಬೇಡಿ ಅಂದ್ರಿ, ತೆರೀಲಿಲ್ಲ. ವೈರು ಮುಟ್ಟಬೇಡಿ ಅಂದ್ರಿ, ಮುಟ್ಟಲಿಲ್ಲ. ಒರೆಸ್ಬೇಡಿ ಅಂತ ನೀವು ಹೇಳಿದ್ದುಂಟಾ?"

ಇಲ್ಲ. ನಾನೂ ಹೇಳಿರಲಿಲ್ಲ, ಯುರೋಪಿನ ನಿಯಮಗಳಲ್ಲೂ ಇರಲಿಲ್ಲ. ಅಲ್ಲಿ ತಾರಸಿಯ ಮೇಲಿಟ್ಟ ಯಂತ್ರದ ಹತ್ತಿರ ಬೇಸಿಗೆಯಿಡೀ ಒಂದು ನರಪಿಳ್ಳೆಯೂ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ಬ್ರಷ್ಷು ಹಿಡಿದು ಬರುತ್ತಾನೆಂದು ಬರೆದವರ ಕನಸಿಗೂ ಬಂದಿರಲಾರದು. ಇಲ್ಲಿಯೋ, ಕಾರು, ಕಿಟಕಿ, ಅಂಗಡಿ ಸಾಮಾನು, ಎ.ಸಿ., ಯಾವುದನ್ನು ದಿನಾ ಒರೆಸುವುದಿಲ್ಲ? ನಮ್ಮವರಲ್ಲಿ ಅರ್ಧ ಜನ ಕೊಲ್ಲಿಗೆ ಬಂದು ಮೊದಲು ಕಲಿತ ಕೆಲಸವೇ ಅದು.

"ಕುವೈತಲ್ಲಿ ಒರೆಸದ ವಸ್ತು ಅಂದ್ರೆ ಯಾರಿಗೂ ಬೇಡದ ವಸ್ತು ಮೇಡಂ" ಎಂದರು ಕಾಕ. ಸ್ವರ ಸಣ್ಣದಾಗಿತ್ತು. "ಅಮಾನತ್ತು ಅಲ್ವಾ ಇದು? ನಂಬಿ ಇಟ್ಟು ಹೋದದ್ದು. ಅವ್ರು ಹಣ ಹಾಕಿದ್ದಾರೆ. ನಮ್ಮ ಪಾಲು ಅಂದ್ರೆ ನನ್ನ ಕೆಲಸ ಅಂತ ನೀವೇ ಹೇಳಿದ್ರಲ್ಲ. ಗಾಜು ಒರೆಸುದು ಎಷ್ಟು ಹೊತ್ತಿನ ಕೆಲಸ? ಅಷ್ಟೇ ಮಾಡಿದ್ರೆ ನಮ್ಮ ಪಾಲು ಕಮ್ಮಿ ಆಗ್ಲಿಲ್ವಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟೆ. ಹೊರಗೆ ಗಾಳಿ ಬಾಗಿಲನ್ನು ಗುದ್ದುತ್ತಿತ್ತು. ಇಬ್ಬರೂ ಕೆಮ್ಮುತ್ತಿದ್ದೆವು.

ಮರುದಿನ ಮುದೀರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು.

"ನೋಡು ತಂಗಿ. ಅವರು ಬಿಸಿಲು ಕೇಳಿದರು, ಕೊಟ್ಟೆವು. ಯಾರಾದರೂ ಒರೆಸುತ್ತಾರಾ ಅಂತ ಅವರು ಕೇಳಿದರಾ? ಇಲ್ಲ. ನಾವು ಸುಳ್ಳು ಹೇಳಿದೆವಾ? ಇಲ್ಲ. ಖಲಾಸ್" ಎಂದರು ಇಂಗ್ಲಿಷಿನಲ್ಲಿ.

"ಆದರೆ ಆ ಅಂಕಿಗಳು ನಿಜ ಅಲ್ಲ."

"ನೀನು ಬರೆದರೆ ಯಜಮಾನರು ಕೇಳುತ್ತಾರೆ, ಯಾರು ಮಾಡಿದ್ದು ಅಂತ. ಆಮೇಲೆ ಯಾರನ್ನು ವಿಮಾನ ಹತ್ತಿಸು ಅಂತ ನನಗೆ ಹೇಳುತ್ತಾರೆ, ನಿನಗೆ ಗೊತ್ತು." ಅವರು ಕೆಟ್ಟವರಲ್ಲ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. "ಅವನಿಗಾದರೂ ಸುಮ್ಮನಿರು."

ಅದೇ ನನ್ನನ್ನು ಕಾಡಿದ್ದು. ಬರೆಯದಿದ್ದರೆ ಕಾಕ ಉಳಿಯುತ್ತಾರೆ, ಬರೆದರೆ ಹೋಗುತ್ತಾರೆ, ಅದೂ ಯಾವುದಕ್ಕೆ ಅವರು ಹೆದರಿದ್ದರೋ ಅದೇ ರೀತಿಯಲ್ಲಿ.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ತೈಲ ಕಂಪೆನಿಯ ಗುತ್ತಿಗೆ ಕೆಲಸದಲ್ಲಿದ್ದು ಎಲ್ಲ ಕಂಡವರು. "ನೀನು ಬರೀದೆ ಇರುವ ಜಾತಿ ಅಲ್ಲ. ಸುಮ್ನೆ ಎಂತಕ್ಕೆ ಅನ್ನ ತಣ್ಣಗೆ ಮಾಡ್ತೀ?" ಎಂದರು. ಮಗಳು ತಟ್ಟೆಯಿಂದ ತಲೆಯೆತ್ತದೆ, "ಅಮ್ಮಾ, ಜಸ್ಟ್ ಟೆಲ್ ದೆಮ್ ಹೀ ವಾಸ್ ಬೀಯಿಂಗ್ ನೈಸ್" ಎಂದಳು. ಒಳ್ಳೆಯತನಕ್ಕೆ ಅವರ ವರದಿಯಲ್ಲಿ ಜಾಗ ಇಲ್ಲ ಮಗಾ ಎಂದು ಗದರಿದೆ. ಆಮೇಲೆ ಅವಳ ಮಾತನ್ನೇ ಮೆಲುಕು ಹಾಕಿದೆ.

ನನ್ನನ್ನು ನಿಜಕ್ಕೂ ದೂಡಿದ್ದು ಗೋಡೆಗೆ ಅಂಟಿಸಿದ ಆ ಗ್ರಾಫು. ನಾನು ಬಾಯಿ ಮುಚ್ಚಿಕೊಂಡರೆ ಪರಿಶೀಲನೆ ಪಾಸಾಗುತ್ತದೆ, ಕಾರ್ಖಾನೆ ಪೆಟ್ಟಿಗೆಗಳನ್ನು ರಾಶಿರಾಶಿ ಮಾಡುತ್ತದೆ, ನಾವೇ ಅವನ್ನು ಕೊಲ್ಲಿಯ ಮನೆಮನೆಯ ತಾರಸಿಗೆ ಮಾರುತ್ತೇವೆ. ಆ ತಾರಸಿಗಳಲ್ಲಿ ಕಾಕ ಇರುವುದಿಲ್ಲ. ಮೊದಲ ಬೇಸಿಗೆಗೇ ಒಂದೊಂದಾಗಿ ಸತ್ತರೆ ದೊಡ್ಡ ಕಾರ್ಖಾನೆ ಮೈಕೊಡವಿ ಎದ್ದು ಹೋಗುತ್ತದೆ. ಮುಳುಗುವವಳು ಪೋರ್ಚುಗಲ್‌ನ ಆ ಹೆಂಗಸು. ಅವಳ ಮುಖ ನಾನು ಪರದೆಯ ಮೇಲೆ ಮಾತ್ರ ಕಂಡದ್ದು, ಆದರೂ ಅವಳು ಮುಳುಗುವುದು ನನಗೆ ಬೇಡವೆನಿಸಿತು.

ಕಾಕನಿಗೆ ಹೇಳದೆ ಬರೆಯಲು ಮನಸ್ಸು ಬರಲಿಲ್ಲ. ಗೋದಾಮಿಗೆ ಹೋಗಿ ಎಲ್ಲ ಹೇಳಿದೆ, ಇಕಾಮಾ ಹೋಗಬಹುದೆಂಬುದನ್ನೂ ಸೇರಿಸಿ. ಅವರು ಚಹಾದ ಲೋಟ ಕೆಳಗಿಟ್ಟರು.

"ಬರೀರಿ. ಆದ್ರೆ ಒಂದು ಮಾತುಂಟು. ಯಾರೋ ಕೂಲಿಯವ ಗೊತ್ತಿಲ್ದೆ ಮಾಡಿದ ಅಂತ ಮಾತ್ರ ಬರೀಬೇಡಿ. ಗೊತ್ತಿದ್ದೇ ಮಾಡಿದ್ದು ನಾನು. ಚಂದ ಇರ್ಲಿ ಅಂತ ಮಾಡಿದ್ದು. ಹಾಗೇ ಬರೀರಿ."

ಆ ವಾರ ನಾನು ಬರೇ ಕ್ಷಮೆ ಕೇಳುವ ಬದಲು ಒಂದು ಉಪಾಯ ಹುಡುಕಿದೆ. ಕಾಕನನ್ನು ಯೋಜನೆಯ ಒಳಗೇ ಉಳಿಸುವ ದಾರಿ ಬೇಕಿತ್ತು, ಮತ್ತು ಅದು ಸುಳ್ಳಿನ ದಾರಿ ಆಗಬಾರದಿತ್ತು. ಪೆಟ್ಟಿಗೆ ನಾಲ್ಕು. ಎರಡನ್ನು ಇನ್ನು ಮುಂದೆ ಯಾರೂ ಮುಟ್ಟಬಾರದು. ಇನ್ನೆರಡನ್ನು ಕಾಕ ಈವರೆಗೆ ಹೇಗೆ ನೋಡಿಕೊಂಡರೋ ಹಾಗೇ ನೋಡಿಕೊಳ್ಳಬೇಕು. ಬಿಸಿಲು ಒಂದೇ, ಗಾಳಿ ಒಂದೇ, ಚಿಪ್ಪು ಒಂದೇ. ವ್ಯತ್ಯಾಸ ಧೂಳು ಮಾತ್ರ. ಮುಟ್ಟದ ಪೆಟ್ಟಿಗೆ ಕೆಟ್ಟರೆ ಅದು ಧೂಳಿನಿಂದ ಕೆಟ್ಟಿತೋ ಬಿಸಿಯಿಂದ ಕೆಟ್ಟಿತೋ ಎಂಬುದು ಆಗ ಗೊತ್ತಾಗುತ್ತದೆ. ಬೇರೆ ಯಾವ ದೇಶದ ತಾರಸಿಯೂ ಅದನ್ನು ಹೇಳಲಾರದು, ಯಾಕೆಂದರೆ ಅಲ್ಲಿ ಒರೆಸುವವರಿಲ್ಲ.

ಶುಕ್ರವಾರದ ಕರೆಯಲ್ಲಿ ಹೇಳಿದೆ. 

"ದಿನಾ ಬೆಳಿಗ್ಗೆ? ಎಲ್ಲ ರೆಕ್ಕೆಗಳನ್ನೂ?" ಎಂದು ಸಂಯೋಜಕ ಕೇಳಿದ.

"ಹೌದು. ಬಿರುಗಾಳಿ ಬಂದಾಗ ತಮ್ಮ ಸ್ವಂತ ಬಟ್ಟೆಯನ್ನೇ ಹೊದಿಸಿದ್ದಾರೆ."

ಪೋರ್ಚುಗಲ್‌ನವಳು ಮೊದಲು ನಕ್ಕಳು. ತಡೆಯಲಾರದ ನಗು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಅದು ನಗುವಿನದ್ದೋ ಅಳುವಿನದ್ದೋ ತಿಳಿಯಲಿಲ್ಲ. "ನಮ್ಮ ಅಮ್ಮ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು" ಎಂದಳು. ಗ್ರಾಫನ್ನು ಗೋಡೆಯಿಂದ ತೆಗೆಯುತ್ತೇನೆ ಎಂದೂ ಹೇಳಿದಳು. 

ಸಂಯೋಜಕ ನನ್ನ ಉಪಾಯವನ್ನು ಕೂಡಲೇ ಒಪ್ಪಲಿಲ್ಲ. ಬೇಸಿಗೆ ವ್ಯರ್ಥವಾಯಿತು, ಪರಿಶೀಲಕರಿಗೆ ಏನು ಹೇಳುವುದು, ನಿಮ್ಮ ಪಾಲಿನ ದುಡಿಮೆಯನ್ನು ಪಾಲೆಂದು ಪರಿಗಣಿಸುವುದೋ ಬಿಡುವುದೋ, ಇವೇ ಅವನ ಪ್ರಶ್ನೆಗಳು. ಮುಂದಿನ ವಾರ ಮಾತ್ರ, "ಎರಡು ಮತ್ತು ಎರಡು. ಆದರೆ ಪರಿಶೀಲನೆಯಲ್ಲಿ ನೀವೇ ಹೇಳಬೇಕು" ಎಂದ. ಹೇಳಿದೆ. ಕಾಕನ ಮಾತಿನಂತೆಯೇ ಹೇಳಿದೆ: ನಮ್ಮ ಗೋದಾಮಿನ ಮೇಲ್ವಿಚಾರಕರು ಪೆಟ್ಟಿಗೆಗಳು ಚೆನ್ನಾಗಿರಲೆಂದು ತಿಳಿದೇ ಒರೆಸಿದ್ದಾರೆ.

ಆ ಪರಿಶೀಲನೆಯ ಕೋಣೆಯಲ್ಲಿ ಎರಡು ಬಗೆಯ ಹಣ ಎರಡು ಬಗೆಯಾಗಿ ಮಾತಾಡಿದ್ದನ್ನು ನಾನು ಫೋನಿನಲ್ಲೇ ಕೇಳಿಸಿಕೊಂಡೆ. ಸಾರ್ವಜನಿಕ ಹಣದ ಪರವಾಗಿ ಕೂತಿದ್ದ ಮುದುಕ ಪರಿಶೀಲಕ, ಸೋತರೂ ಅಡ್ಡಿಯಿಲ್ಲ, ಯಾಕೆ ಸೋತಿತೆಂಬುದು ಸರಿಯಾಗಿ ತಿಳಿಯಬೇಕು, ಇನ್ನೊಂದು ಬೇಸಿಗೆ ನೋಡಿ ಎಂದ. ದೊಡ್ಡ ಕಾರ್ಖಾನೆಯವನಿಗೆ ಸರಕು ಬೇಕಿತ್ತು. ತಿಳಿಯುವುದೆಲ್ಲ ತಿಳಿದ ಮೇಲೆ ಹೇಳಿ, ಅಲ್ಲಿಯವರೆಗೆ ನಮ್ಮ ಪಾಲು ನಿಲ್ಲಿಸುತ್ತೇವೆ ಎಂದ. ಅವನಿಗೆ ಜೆಲ್ಲಿನ ಮೇಲೇ ಅನುಮಾನವಿತ್ತು. 

ಯಜಮಾನರು ಮುದೀರ್ ಅವರನ್ನು ಕರೆಸಿ ಕೇಳಿದರಂತೆ, ಯಾರು ಮಾಡಿದ್ದು ಎಂದು. ನಾನು ಹೊರಗೆ ಉಗುರು ಕಚ್ಚುತ್ತಾ ನಿಂತಿದ್ದೆ. ಮುದೀರ್ ಬೆವರೊರೆಸುತ್ತಾ ಹೊರಗೆ ಬಂದರು.

"ಏನಾಯಿತು?"

"ನಮ್ಮ ಪಾಲೇ ಅವನು, ಅವನನ್ನು ಕಳಿಸಿದರೆ ನಾವೂ ಯೋಜನೆಯಿಂದ ಹೊರಗೆ ಅಂತ ಹೇಳಿದೆ. ಒರೆಸುವುದು ಈಗ ಪರೀಕ್ಷೆಯ ಭಾಗ ಅಂತ ಯುರೋಪಿನವರೇ ಒಪ್ಪಿದ್ದಾರೆ ಅಂತಲೂ ಹೇಳಿದೆ." ಸ್ವಲ್ಪ ತಡೆದು ನಕ್ಕರು. "ಯಲ್ಲಾ, ಹೋಗಿ ಇಕಾಮಾದ ಫೋಟೊ ತೆಗೆಸಲು ಹೇಳು ಅವನಿಗೆ."

ಆ ಮನುಷ್ಯನಿಗೆ ಇಷ್ಟು ಧೈರ್ಯ ಇದೆಯೆಂದು ನಾನು ಎಣಿಸಿಯೇ ಇರಲಿಲ್ಲ. ಕೈ ಮುಗಿಯೋಣವೆನಿಸಿತು, ಸಂಕೋಚವಾಗಿ ಸುಮ್ಮನಾದೆ.

ಎರಡನೆಯ ಬೇಸಿಗೆ ಪೆಟ್ಟಿಗೆಗಳಿಗಿಂತ ಹೆಚ್ಚಾಗಿ ಕಾಕನ ಪರೀಕ್ಷೆಯಾಯಿತು. ಎಡಗಡೆಯ ಎರಡನ್ನು ಒರೆಸಬೇಕು, ಬಲಗಡೆಯ ಎರಡರ ಹತ್ತಿರ ಸುಳಿಯಬಾರದು. ಬ್ರಷ್ಷು ಹಿಡಿದ ಕೈ ತಾನಾಗಿಯೇ ಬಲಕ್ಕೆ ಹೋಗುತ್ತಿತ್ತು. ಕೊನೆಗೆ ಅವರೇ ನಡುವೆ ಒಂದು ಹಗ್ಗ ಕಟ್ಟಿಕೊಂಡರು.

"ಎರಡು ಮಕ್ಕಳಿಗೆ ಊಟ ಹಾಕಿ, ಪಕ್ಕದಲ್ಲಿದ್ದ ಎರಡನ್ನು ಉಪವಾಸ ಕೂರಿಸಿದ ಹಾಗೆ ಆಗ್ತದೆ ಮೇಡಂ. ಎಂಥ ಸಂಶೋಧನೆ ಇದು, ಹೊಟ್ಟೆಗೆ ಹಾಕದ ಸಂಶೋಧನೆ!"

ಮೊದಲ ತೋಜ್ ಬಂದಾಗ ನೋಡಲು ಹೋದೆ. ಎರಡಕ್ಕೆ ಲುಂಗಿ ಸುತ್ತಿ ಆಗಿತ್ತು. ಕಾಕ ಮೆಟ್ಟಿಲ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ, ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದರು. ನಾನು ಬಂದದ್ದು ಕಂಡು, "ನೋಡ್ಲಿಕ್ಕಾಗುದಿಲ್ಲ" ಎಂದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ, ಕುಡಿಯಲಿಲ್ಲ.

ಆಗಸ್ಟಿನಲ್ಲಿ ಗಾಳಿ ದಿಕ್ಕು ಬದಲಿಸಿತು. ಸೆಕೆ, ತೇವ, ಕಿಟಕಿಯ ಗಾಜೆಲ್ಲ ಬೆವರು. ಮುಟ್ಟದ ಪೆಟ್ಟಿಗೆಗಳ ಮೇಲಿನ ಧೂಳು ಆ ತೇವಕ್ಕೆ ಕಲಸಿ, ಹಗಲಿನ ಬಿಸಿಲಿಗೆ ಒಣಗಿ, ಸಿಮೆಂಟು ಬಳಿದಂತೆ ಗಟ್ಟಿಯಾಯಿತು. ಬಲಗಡೆಯ ಒಂದು ಪೆಟ್ಟಿಗೆ ನಿಂತುಹೋಯಿತು. ಕೆಲವು ದಿನ ಬಿಟ್ಟು ಇನ್ನೊಂದೂ ನಿಂತಿತು. ಕಾಕ ಒರೆಸುತ್ತಿದ್ದ ಎರಡೂ ಏನೂ ಆಗದವರ ಹಾಗೆ ನಡೆಯುತ್ತಲೇ ಇದ್ದವು.

ಸತ್ತ ಎರಡನ್ನು ಧೂಳಿನ ಸಮೇತ ಪ್ಯಾಕು ಮಾಡಿ ಪೋರ್ಚುಗಲ್‌ಗೆ ಕಳಿಸಿದೆವು. ಅವಳು ಕರೆ ಮಾಡಿದ್ದು ಶುಕ್ರವಾರಕ್ಕೂ ಕಾಯದೆ. ಜೆಲ್ಲಿಗೆ ಒಂದು ಗೀರೂ ಆಗಿರಲಿಲ್ಲ. ಕೆಟ್ಟದ್ದು ಉಸಿರಾಡುವ ಪೊರೆ. ಅದರ ಮೇಲೆ ಧೂಳಿನ ಹೆಪ್ಪು ಕೂತು ಪೆಟ್ಟಿಗೆಗೆ ಉಸಿರು ಕಟ್ಟಿತು. ಹಗಲು ಕಾದು, ಸಂಜೆ ತಣಿಯುವಾಗ ಅದು ಗಾಳಿಗಾಗಿ ಮುಚ್ಚಳದ ರಬ್ಬರಿನ ಸಂದಿಯಿಂದ ತೇವವನ್ನು ಒಳಗೆಳೆದುಕೊಂಡಿತು. ಜೆಲ್ಲಿನ ಹೊರಗಿದ್ದ ತಾಮ್ರದ ತುದಿಗಳು ಕಿಲುಬು ಹಿಡಿದವು. ಕಾಕನ ಎರಡು ಪೆಟ್ಟಿಗೆಗಳು ಪಕ್ಕದಲ್ಲೇ ಬದುಕಿದ್ದವಲ್ಲ, ಹಾಗಾಗಿ ತಪ್ಪು ಚಿಪ್ಪಿನದಲ್ಲ, ಜೆಲ್ಲಿನದಲ್ಲ ಎಂದು ಯಾರೂ ವಾದಿಸದೆ ಒಪ್ಪಬೇಕಾಯಿತು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದೊಡ್ಡ ಕಾರ್ಖಾನೆ ಮರಳಿ ಬರಲಿಲ್ಲ. ಪೋರ್ಚುಗಲ್‌ನವಳ ಊಟದ ಮೇಜಿನಿಂದ ಕೆಲವರು ಎದ್ದು ಬೇರೆ ಕೆಲಸ ಹುಡುಕಿಕೊಂಡರು. ಸಾರ್ವಜನಿಕ ಪಾಲು ಮಾತ್ರ ಉಳಿಯಿತು. ಅದರಲ್ಲೇ ಉಸಿರು ಹಿಡಿದು ಅವರು ಹೊಸ ಪೆಟ್ಟಿಗೆ ಮಾಡಿದರು: ಪೊರೆ ಈಗ ಪೆಟ್ಟಿಗೆಯ ಅಡಿಯಲ್ಲಿ, ಒಂದು ಕೊಡೆಯಂಥ ಮುಚ್ಚಿಗೆಯ ಒಳಗೆ, ರೆಕ್ಕೆಗಳು ನೆಟ್ಟಗೆ, ಧೂಳು ಜಾರಿ ಬೀಳುವಷ್ಟು ದೂರ ದೂರ. ಇನ್ನೊಂದು ಮಧ್ಯಮ ಗಾತ್ರದ ಕಂಪೆನಿ ಖಾಸಗಿ ಪಾಲು ಹಾಕಲು ಮುಂದೆ ಬಂತು.

ಮೂರನೆಯ ಬೇಸಿಗೆ ಹೊಸ ಪೆಟ್ಟಿಗೆಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಕಾಕನ ಪಾಲು ಈಗ ಕಾವಲು. ಪಾರಿವಾಳ ಕೂರದ ಹಾಗೆ, ಎ.ಸಿ. ರಿಪೇರಿಯ ಹುಡುಗರು ಪೆಟ್ಟಿಗೆಯ ಮೇಲೆ ಚಹಾ ಲೋಟ ಇಡದ ಹಾಗೆ. ಆಗಸ್ಟು ಕಳೆಯಿತು, ಒಂದೂ ನಿಲ್ಲಲಿಲ್ಲ.

ಚಳಿ ಶುರುವಾಗುವಾಗ ಪರಿಶೀಲಕರೇ ಕುವೈತಿಗೆ ಬಂದರು. ಆ ಮುದುಕ ಪರಿಶೀಲಕ, ಸಂಯೋಜಕ, ಪೋರ್ಚುಗಲ್‌ನವಳು. ಮುದೀರ್ ಹೊಸ ಟೈ ಕಟ್ಟಿದ್ದರು. ಎಲ್ಲರೂ ತಾರಸಿ ಹತ್ತಿದೆವು. ಪೆಟ್ಟಿಗೆಗಳ ನೆತ್ತಿಯ ಮೇಲೆ ಬೇಸಿಗೆಯಿಡೀ ಕೂತ ಕೆಂಪು ಧೂಳು. ಮುದುಕ ಕುತೂಹಲದಿಂದ ಬಾಗಿ, ಅದರ ಮೇಲೆ ಬೆರಳಾಡಿಸಲು ಕೈ ಚಾಚಿದ.

"ನೋ ಸಾರ್! ನೋ ಟಚ್!" ಕಾಕ ಅಡ್ಡ ನುಗ್ಗಿ ಎರಡೂ ಕೈ ಅಗಲಿಸಿ ನಿಂತಿದ್ದರು. "ದಿಸ್ ಪ್ರಾಜೆಕ್ಟ್ ಧೂಳ್!"

ಮುದೀರ್ ಮುಖ ಬಿಳುಚಿತು. ಮುದುಕ ಕೈ ಹಿಂದಕ್ಕೆ ತೆಗೆದು, ಶಾಲೆಯ ಮಗುವಿನ ಹಾಗೆ ಬೆನ್ನ ಹಿಂದೆ ಕಟ್ಟಿಕೊಂಡ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಪೋರ್ಚುಗಲ್‌ನವಳು ನನ್ನ ಹತ್ತಿರ ಬಂದು, "ಇವರೇನಾ?" ಎಂದಳು. ಹೌದು ಎಂದೆ. ಅವಳು ಕಾಕನ ಮುಂದೆ ಹೋಗಿ ನಿಂತು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಕಾಕನೂ ಎದೆಯ ಮೇಲೆ ಕೈಯಿಟ್ಟರು.

ಫೋಟೊ ಆಯಿತು, ಅಳತೆ ಆಯಿತು. ಸಂಯೋಜಕ ಗಡಿಯಾರ ನೋಡಿ, ಕುವೈತಿನ ಪರೀಕ್ಷೆ ಇಲ್ಲಿಗೆ ಮುಗಿಯಿತು ಎಂದ. ನಾನು ಅದನ್ನು ಕಾಕನಿಗೆ ಹೇಳಿದೆ.

"ಮುಗೀತಾ? ಹಾಗಾದ್ರೆ ಈಗ ಒರೆಸ್ಬಹುದಾ, ಕೇಳಿ ಅವ್ರನ್ನ."

ಕೇಳಿದೆ. ಪೋರ್ಚುಗಲ್‌ನವಳು ತಲೆಯಾಡಿಸಿದಳು.

ಕಾಕ ಅಂಗಿ ಜೇಬಿನಿಂದ ಆ ಹಳೆಯ ಬ್ರಷ್ಷು ತೆಗೆದರು. ಮೊದಲ ಪೆಟ್ಟಿಗೆಯಿಂದ ಶುರುಮಾಡಿ, ರೆಕ್ಕೆಯ ಸಂದುಸಂದಿಗೂ ಬ್ರಷ್ಷಾಡಿಸಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರು. ಅವಸರ ಮಾಡಲಿಲ್ಲ. ಸೂಟು ಹಾಕಿದವರೆಲ್ಲ ಬಿಸಿಲಲ್ಲಿ ನಿಂತು ನೋಡುತ್ತಿದ್ದರು, ಯಾರೂ ಕೆಳಗಿಳಿಯಲಿಲ್ಲ. ಕೊನೆಯ ಪೆಟ್ಟಿಗೆ ಹೊಳೆಯುವಂತಾದ ಮೇಲೆ ಅವರು ಬ್ರಷ್ಷನ್ನು ಕೊಡವಿ ಪ್ಯಾರಾಪೆಟ್ಟಿನ ಮೇಲಿಟ್ಟು, ಮುದೀರ್ ಕಡೆ ತಿರುಗಿದರು.

"ಮುದೀರ್, ಈ ಸಲ ನನ್ನ ಇಕಾಮಾ ಮಾಡ್ಬೇಡಿ" ಎಂದರು ತಮ್ಮ ಹರಕು ಅರಬಿಯಲ್ಲಿ. "ನಾನು ಊರಿಗೆ ಹೋಗ್ತೇನೆ."

 ಕಾಕನ ಮುಂದಿನ ವರ್ಷದ ಇಕಾಮಾ ಮಾಡಿಸಲು ಮುದೀರ್ ಆಗಲೇ ಕಚೇರಿಯಲ್ಲಿ ಹೇಳಿಟ್ಟಿದ್ದು ನನಗೆ ಗೊತ್ತಿತ್ತು. ಕಾಕನಿಗೂ ಗೊತ್ತಿತ್ತು.